ಕಪ್ಪು ಹಿನ್ನೆಲೆ, ಹಳದಿ ಅಕ್ಷರ

ಜೂನ್ 3, ಸೋಮವಾರ

ಇದನ್ನು ಬರೆಯದೆ ಬಿಡುವವಳಿದ್ದೆ. ನಲವತ್ತನಾಲ್ಕು ವರ್ಷದ ಹೆಂಗಸು, ಒಂದು ಪ್ರಯೋಗಾಲಯದ ಗುಣಮಟ್ಟದ ಹೊಣೆ ಹೊತ್ತವಳು, ಹದಿನೆಂಟು ದಿನಗಳಿಂದ ಎಲ್ಲರಿಗಿಂತ ಕಾಲು ಗಂಟೆ ಮೊದಲೇ ಹೋಗಿ, ಒಂದು ಹಳೆಯ ಕಂಪ್ಯೂಟರಿನ ಬಣ್ಣ ಬದಲಿಸಿ, ಏನೂ ಅರಿಯದವಳ ಹಾಗೆ ತನ್ನ ಕುರ್ಚಿಯಲ್ಲಿ ಬಂದು ಕೂರುತ್ತಾಳೆ ಎಂದರೆ ಯಾರಾದರೂ ನಗುತ್ತಾರೆ. ಇದನ್ನು ಯಾರೂ ಓದುವುದಿಲ್ಲ. ಆ ಧೈರ್ಯದ ಮೇಲೆ ಬರೆದಿದ್ದೇನೆ.

ನಮ್ಮದು ಕುಡಿಯುವ ನೀರಿನ ಪರೀಕ್ಷಾಲಯ. ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಅಳೆಯುವ ಯಂತ್ರಕ್ಕೆ ಇಪ್ಪತ್ತು ವರ್ಷವಾಯಿತು. ಅದರ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಯಂತ್ರದ ಜೊತೆಗೇ ಬಂದ ಹಳೆಯ ಕಂಪ್ಯೂಟರನ್ನೂ ಉಳಿಸಿಕೊಂಡಿದ್ದೇವೆ. ಕೆಳಗೆ ನೀಲಿ ಪಟ್ಟಿ, ಮೂಲೆಯಲ್ಲಿ ಹಸಿರು ಸ್ಟಾರ್ಟ್ ಗುಂಡಿ, ಹಿಂದೆ ಹಸಿರು ಗುಡ್ಡ, ಅದರ ಮೇಲೆ ಬಿಳಿ ಮೋಡ. ಒಂದು ಕಾಲಕ್ಕೆ ಎಲ್ಲರ ಮೇಜಿನ ಮೇಲೂ ಇದ್ದ ಗುಡ್ಡ. ಪ್ರಿಂಟರ್ ಸತ್ತು ಎಷ್ಟೋ ವರ್ಷವಾಗಿದೆ. ಪರದೆಯ ಮೇಲೆ ಬಂದ ಅಂಕಿಯನ್ನು ನೋಡಿ ರಿಜಿಸ್ಟರಿನಲ್ಲಿ ಕೈಯಿಂದ ಬರೆಯುವುದು ಇಲ್ಲಿಯ ಕ್ರಮ.

ಜುಲೈ ಎಂಟಕ್ಕೆ ಮಾನ್ಯತಾ ಮಂಡಳಿಯ ತಪಾಸಣೆ. ಅಷ್ಟರೊಳಗೆ ಆ ಯಂತ್ರಕ್ಕೊಂದು ಕೈಪಿಡಿ ಬರೆದು ಮುಗಿಸಬೇಕು. ಪ್ರತಿ ಹಂತಕ್ಕೂ ಪರದೆಯ ಚಿತ್ರ ತೆಗೆದು ಅಂಟಿಸುತ್ತಿದ್ದೇನೆ. ಚಿತ್ರದಲ್ಲಿರುವ ಹಾಗೆಯೇ ಪರದೆ ಇರಬೇಕು. ತಪಾಸಣೆಯವರು ಕೈಪಿಡಿ ಹಿಡಿದು ಪಕ್ಕದಲ್ಲಿ ನಿಂತಾಗ ಎರಡೂ ಬೇರೆ ಬೇರೆ ಕಂಡರೆ ಮುಖ ಎಲ್ಲಿಡುವುದು?

ನಾನು ಸರಿಮಾಡಿದ ಅರ್ಧ ಗಂಟೆಯೊಳಗೆ ಯಾರೋ ಅದನ್ನು ಕೆಡಿಸುತ್ತಾರೆ. ಯಾರೋ ಎಂದು ಬರೆದದ್ದು ಸಭ್ಯತೆಗೆ. ಆ ಯಂತ್ರ ಮುಟ್ಟುವವರು ಒಬ್ಬರೇ, ಹಿರಿಯ ತಂತ್ರಜ್ಞೆ. ಮೂವತ್ತೊಂದು ವರ್ಷದ ಸೇವೆ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ಎಂಟು ತಿಂಗಳ ಹಿಂದೆ ಬಂದ ನನಗೆ ಆ ಹೆಸರು ಬಾಯಿಗೆ ಬರುವುದಿಲ್ಲ. ನಾನು ಅವರಿಗೆ ಮೇಡಂ ಎನ್ನುತ್ತೇನೆ, ಅವರು ನನಗೆ ಮೇಡಂ ಎನ್ನುತ್ತಾರೆ.

ಜೂನ್ 4, ಮಂಗಳವಾರ

ಇವತ್ತೂ ಕಪ್ಪು. ಗುಡ್ಡ ಇಲ್ಲ, ಮೋಡ ಇಲ್ಲ. ಕಾಡಿಗೆಯಂಥ ಹಿನ್ನೆಲೆ, ಅದರ ಮೇಲೆ ಅಂಗಡಿಯ ಬೋರ್ಡಿನಷ್ಟು ದಪ್ಪ ಹಳದಿ ಅಕ್ಷರ. ಬದಿಯಲ್ಲಿ ಎಳೆಯುವ ಪಟ್ಟಿ ನನ್ನ ಹೆಬ್ಬೆರಳಿನಷ್ಟು ಅಗಲ. ಒಂದು ಸಾಲಿನಲ್ಲಿ ಮೂರು ಪದ ಹಿಡಿದರೆ ಹೆಚ್ಚು.

ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಥೀಮ್ಸ್ ತೆರೆದು ಮೊದಲಿನದನ್ನು ಆರಿಸಿದೆ. ಪರದೆ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ, ಆಮೇಲೆ ಗುಡ್ಡ ಹಸಿರಾಗಿ ಎದ್ದು ಬರುತ್ತದೆ. ಆ ಕ್ಷಣ ನನಗೆ ಇಷ್ಟ, ಸುಳ್ಳೇಕೆ ಹೇಳಲಿ.

ಥೀಮ್‌ಗಳ ಪಟ್ಟಿಯ ತುಂಬ ಕಸ. ಮಾರ್ಚ್, ಜುಲೈ, ನವೆಂಬರ್, ಮತ್ತೆ ಜನವರಿ, ಏಪ್ರಿಲ್, ಮೇ ಎಂದು ತಿಂಗಳ ಹೆಸರು ಕೊಟ್ಟು ಏನೇನೋ ಉಳಿಸಿಟ್ಟಿದ್ದಾರೆ. ಬಿಡುವಾದಾಗ ಅಳಿಸಬೇಕು.

ರಾಸಾಯನಿಕದ ಬಾಟಲಿಗಳ ಮೇಲಿನ ಅಕ್ಷರವನ್ನು ಕಂಪನಿಯವರು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡುತ್ತಿದ್ದಾರೆ. ಒಂದು ದೂರು ಬರೆಯಬೇಕು.

ಜೂನ್ 6, ಗುರುವಾರ

ಚಹಾದ ಹೊತ್ತಿಗೆ ಮಾತು ತೆಗೆದೆ. ನೇರವಾಗಿ ಅಲ್ಲ, ಎಲ್ಲರಿಗೂ ಹೇಳುವ ಹಾಗೆ.

“ಕೈಪಿಡಿಗೆ ಫೋಟೋ ತೆಗೀತಿದ್ದೀನಿ. ಆ ಕಂಪ್ಯೂಟರ್ ಹೇಗಿದೆಯೋ ಹಾಗೇ ಇರಲಿ, ದಯವಿಟ್ಟು.”

ಹಿರಿಯ ತಂತ್ರಜ್ಞೆ ಲೋಟ ಕೆಳಗಿಟ್ಟರು. “ಅಳೆಯೋದು ಯಂತ್ರ ಮೇಡಂ, ಗೋಡೆಗೆ ಯಾವ ಬಣ್ಣ ಬಳಿದ್ರೇನು?”

ಸ್ಯಾಂಪಲ್ ತೆಗೆದುಕೊಳ್ಳುವ ಕೌಂಟರಿನವಳು ಕಿಸಕ್ಕನೆ ನಕ್ಕಳು. “ದೊಡ್ಡಕ್ಕಂಗೆ ಕಪ್ಪಂದ್ರೆ ಪ್ರಾಣ. ಕೊಡೆ ಕಪ್ಪು, ಚೀಲ ಕಪ್ಪು, ಚಹಾನೂ ಕಪ್ಪು.”

“ನೀನೊಬ್ಬಳು ಬೆಳ್ಳಗಿದ್ದೀಯಲ್ಲ, ಸಾಕು ಬಿಡೆ,” ಎಂದರು ಅವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಅಲ್ಲಿಗೆ ಮುಗಿಯಿತು, ಅದೂ ಅವರ ಪರವಾಗಿ.

ಇದು ಕೈಪಿಡಿಯ ಪ್ರಶ್ನೆಯೋ ನನ್ನ ಗತ್ತಿನ ಪ್ರಶ್ನೆಯೋ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಕೈಪಿಡಿಯದು ಎಂದು ಉತ್ತರ ಬಂತು. ಉತ್ತರ ಸ್ವಲ್ಪ ಬೇಗನೆ ಬಂತು.

ಮನೆಯಲ್ಲಿ ಓದುವ ಮೇಜಿನ ಮೇಲಿನ ಟ್ಯೂಬ್‌ಲೈಟ್ ಮಂಕಾಗಿದೆ. ಹೊಸದು ಹಾಕಿಸಿ ಎಂದು ಇವರಿಗೆ ಹೇಳಿದ್ದೇನೆ.

ಜೂನ್ 11, ಮಂಗಳವಾರ

ದಾರಿ ಸಿಕ್ಕಿತು. ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿ ಕೇಳಿದೆ. ಥೀಮ್ಸ್ ಮತ್ತು ಅಪಿಯರೆನ್ಸ್ ಟ್ಯಾಬ್‌ಗಳನ್ನೇ ಕಾಣದ ಹಾಗೆ ಮಾಡಬಹುದಂತೆ. ಅವರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ, ಐದು ನಿಮಿಷದ ಕೆಲಸ. ಎಲ್ಲರೂ ಹೋದ ಮೇಲೆ ಗುಡ್ಡವನ್ನು ಮತ್ತೆ ತಂದು, ಆ ಎರಡು ಟ್ಯಾಬ್‌ಗಳನ್ನು ತೆಗೆದುಹಾಕಿ ಬಂದೆ. ಇನ್ನು ಬಣ್ಣ ಬದಲಿಸಬೇಕೆಂದರೆ ಬದಲಿಸುವ ಜಾಗವೇ ಇಲ್ಲ.

ಜಗಳವಿಲ್ಲ, ಮಾತಿಲ್ಲ, ಕೆಲಸ ಮುಗಿಯಿತು. ನಾಳೆಯಿಂದ ಕಾಲು ಗಂಟೆ ಹೆಚ್ಚು ಮಲಗಬಹುದು.

ಜೂನ್ 13, ಗುರುವಾರ

ತಪ್ಪು ವರದಿ ಹೊರಗೆ ಹೋಗಿದೆ.

ಹಸುಗೂಸುಗಳನ್ನು ನೋಡಿಕೊಳ್ಳುವ ಒಂದು ಕೇಂದ್ರದ ಕೊಳವೆಬಾವಿ. ನೈಟ್ರೇಟ್ ಲೀಟರಿಗೆ ನಲವತ್ತೈದು ಮಿಲಿಗ್ರಾಂಗಿಂತ ಹೆಚ್ಚಿರಬಾರದು, ಹೆಚ್ಚಾದರೆ ಕೂಸುಗಳಿಗೆ ಅಪಾಯ. ರಿಜಿಸ್ಟರಿನಲ್ಲಿ ಮೂವತ್ತಮೂರು. ಯಂತ್ರ ತಾನೇ ಉಳಿಸಿಟ್ಟ ಕಡತದಲ್ಲಿ ಎಂಬತ್ತಮೂರು. ಅಲ್ಲಿ ಕೂಸುಗಳ ಹಾಲಿನ ಪುಡಿ ಕಲಸುವುದು ಅದೇ ನೀರಿನಲ್ಲಿ.

ತಪ್ಪು ಬರೆದವರು ಹಿರಿಯ ತಂತ್ರಜ್ಞೆ, ಕಂಡುಹಿಡಿದವರೂ ಅವರೇ. ಬೆಳಿಗ್ಗೆ ನಿನ್ನೆಯ ಪರೀಕ್ಷೆಯ ಗಾಜಿನ ಕೊಳವೆಗಳನ್ನು ತೊಳೆಯಲು ಎತ್ತಿದವರು ಒಂದನ್ನು ಕಿಟಕಿಗೆ ಹಿಡಿದು ನಿಂತುಬಿಟ್ಟರಂತೆ; ನೈಟ್ರೇಟ್ ಹೆಚ್ಚಿದ್ದಷ್ಟೂ ಅದರೊಳಗಿನ ಹಳದಿ ಗಾಢ. “ಇಷ್ಟು ಗಾಢ ಹಳದಿಗೆ ಮೂವತ್ತಮೂರು ಬರಲ್ಲ,” ಎನ್ನುತ್ತ ಕೊಳವೆ ಕೈಯಲ್ಲೇ ಹಿಡಿದು ನನ್ನ ಕೋಣೆಗೆ ಬಂದರು. ಕಡತ ತೆಗೆದು ನೋಡಿದೆ. ಕೇಂದ್ರಕ್ಕೆ ಫೋನ್ ಮಾಡಿ ನಲ್ಲಿ ನಿಲ್ಲಿಸಿದೆವು. ವರದಿ ನಂಬಿ ಅವರು ಬಳಸಿದ್ದು ನಿನ್ನೆ ಸಂಜೆ ಒಂದೇ ಹೊತ್ತು. ಕೂಸುಗಳನ್ನೆಲ್ಲ ವೈದ್ಯರು ನೋಡಿದರು, ಯಾರಿಗೂ ಏನೂ ಆಗಿಲ್ಲ.

ಆಗಿಲ್ಲ, ಆಗಿಲ್ಲ ಎಂದು ಇಡೀ ದಿನ ಮನಸ್ಸಿನಲ್ಲೇ ಹೇಳಿಕೊಂಡೆ.

ಜೂನ್ 14, ಶುಕ್ರವಾರ

ನಿರ್ದೇಶಕರು ಅವರನ್ನು ಕರೆದು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ.

“ಹೇಗಾಯ್ತು?”

“ತಪ್ಪಾಗಿ ಬರೆದೆ ಸರ್.”

“ಮೂವತ್ತು ವರ್ಷದಲ್ಲಿ ಒಂದು ಸಲವೂ ಆಗದ್ದು ಈಗ ಯಾಕಾಯ್ತು?”

“ಈಗ ಆಯ್ತು ಸರ್.”

ಅಷ್ಟೇ. ಕುರ್ಚಿಯ ತುದಿಯಲ್ಲಿ ಶಾಲೆಯ ಹುಡುಗಿಯ ಹಾಗೆ ಕೂತಿದ್ದರು. ಅವರು ಹೋದ ಮೇಲೆ ನಿರ್ದೇಶಕರು ನನಗೆ ಹೇಳಿದರು: ಘಟನೆಯ ವರದಿ ಹದಿನೈದು ದಿನದೊಳಗೆ ಮಾನ್ಯತಾ ಮಂಡಳಿಗೆ ಅಂಚೆಯಲ್ಲಿ ಹೋಗಬೇಕು, ಬರೆಯುವುದು ನೀವು. ಸಿಬ್ಬಂದಿಯ ಅಜಾಗರೂಕತೆ ಎಂದು ಬರೆಯಿರಿ. ಆಮೇಲೆ ಅವರ ಸಹಿಯ ಅಧಿಕಾರ ಹೋಗುತ್ತದೆ, ನಿವೃತ್ತಿಯವರೆಗೆ ಸ್ಟೋರ್ ರೂಮಿನಲ್ಲಿ ಬಾಟಲಿ ಎಣಿಸಿಕೊಂಡಿರಲಿ.

ಸರಿ ಎಂದೆ.

ಜೂನ್ 15, ಶನಿವಾರ

ಕರಡು ಬರೆಯಲು ಕೂತೆ. ಆಫೀಸಿನ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲೇ. ಓದಿದ್ದೂ ಅದರಲ್ಲೇ, ಎಲ್‌ಕೆಜಿಯಿಂದ. ಒಂದೇ ಒಂದು ಕಡೆಯೂ ‘ನಾನು’ ಎನ್ನದೆ ಎರಡು ಪುಟ ಬರೆಯಬಲ್ಲೆ, ಬರೆದೆ. ಅಚ್ಚುಕಟ್ಟಾಗಿ ಬಂದಿತ್ತು. ಆದರೂ ಮತ್ತೆ ಮತ್ತೆ ಓದಿದೆ. ಏಕೆಂದು ತಿಳಿಯಲಿಲ್ಲ. ಮಂಗಳವಾರ ಸಂಜೆ ನಾನು ಟ್ಯಾಬ್ ತೆಗೆದುಹಾಕಿದೆ, ಬುಧವಾರ ಅವರು ತಪ್ಪು ಬರೆದರು. ಇದು ಕಾಕತಾಳೀಯ. ಬಣ್ಣಕ್ಕೂ ಅಂಕಿಗೂ ಏನು ಸಂಬಂಧ?

ಇವರು ಹೊಸ ಟ್ಯೂಬ್‌ಲೈಟ್ ಹಾಕಿಸಿದರು. ಆದರೂ ಕರಡಿನ ಅಕ್ಷರ ಮಸುಕು. ಹೇಳಿದ್ದಕ್ಕೆ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದರು. “ಕಾಗದಾನ ಅಷ್ಟು ದೂರ ಹಿಡಿದು ಯಾರಿಗೆ ತೋರಿಸ್ತಿದ್ದೀಯ, ಎದುರು ಮನೆಯವರಿಗಾ?”

ಪ್ರಿಂಟರಿನ ಶಾಯಿ ಮುಗಿಯುತ್ತ ಬಂದಿರಬೇಕು.

ಜೂನ್ 17, ಸೋಮವಾರ

ಅವರು ಬರುವ ಮೊದಲೇ ಹೋದೆ, ಹಳೆಯ ಅಭ್ಯಾಸ. ವರದಿಯ ಜೊತೆಗೆ ಪರದೆಯ ಚಿತ್ರವೊಂದು ಇರಲಿ ಎಂದು ಕಂಪ್ಯೂಟರ್ ತೆರೆದೆ. ನಾನೇ ಮುಚ್ಚಿದ್ದನ್ನು ನಾನೇ ತೆಗೆದೆ. ಟ್ಯಾಬ್‌ಗಳು ಮರಳಿ ಬಂದವು. ತಿಂಗಳ ಹೆಸರಿನ ಕಸ ಹಾಗೆಯೇ ಇತ್ತು. ಅಳಿಸುವ ಮೊದಲು ಒಂದನ್ನು ತೆರೆದು ನೋಡಿದೆ. ಯಾಕೆ ಅಂದೇ ಅಳಿಸಲಿಲ್ಲವೋ, ಸೋಮಾರಿತನಕ್ಕೆ ನಾನು ಋಣಿ.

ಮಾರ್ಚ್: ಅದೇ ಗುಡ್ಡ, ಅದೇ ನೀಲಿ ಪಟ್ಟಿ. ಅಕ್ಷರ ಮಾತ್ರ ಒಂದು ಚೂರು ದೊಡ್ಡದು.

ಜುಲೈ: ಅಕ್ಷರ ಇನ್ನೂ ದೊಡ್ಡದು. ಗುಡ್ಡ ಹೋಗಿ ಬೂದು ಬಣ್ಣ.

ನವೆಂಬರ್: ಬೂದು ಇನ್ನಷ್ಟು ಕಪ್ಪಾಗಿದೆ. ಬಾಣದ ಗುರುತು ದಪ್ಪ.

ಜನವರಿ: ಪೂರ್ತಿ ಕಪ್ಪು, ಬಿಳಿ ಅಕ್ಷರ.

ಏಪ್ರಿಲ್: ಬಿಳಿ ಹೋಗಿ ಹಳದಿ. ಎಳೆಯುವ ಪಟ್ಟಿ ಬೆರಳಿನಷ್ಟು.

ಮೇ: ಅಂಗಡಿಯ ಬೋರ್ಡು.

ಮತ್ತೆ ಮಾರ್ಚ್‌ಗೆ ಹೋದೆ. ಒಂದೊಂದಾಗಿ ಮತ್ತೆ ಮೇವರೆಗೆ ಬಂದೆ. ಒಂದು ವರ್ಷದ ಮೇಲೆರಡು ತಿಂಗಳು. ಪ್ರತಿ ಸಲ ಪರದೆ ಕಕ್ಕಾಬಿಕ್ಕಿಯಾಗಿ ನಿಂತು, ಪ್ರತಿ ಸಲ ಇನ್ನಷ್ಟು ಕತ್ತಲಾಗಿ ಎದ್ದು ಬಂತು.

ನಾನು ದಿನಚರಿ ಬರೆಯುವವಳು. ಅವರೂ ಬರೆದಿದ್ದರು, ನಾನು ದಿನಾ ಬೆಳಿಗ್ಗೆ ಹೋಗಿ ಅದರ ಕೊನೆಯ ಪುಟ ಹರಿಯುತ್ತಿದ್ದೆ.

ಬಾಗಿಲಲ್ಲಿ ಕಪ್ಪು ಕೊಡೆ ಕಂಡಾಗ ಪರದೆ ಮೇ ತಿಂಗಳಿನಲ್ಲೇ ಇತ್ತು. ನಾನು ಬದಲಿಸಲಿಲ್ಲ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಏಪ್ರನ್ ಕಟ್ಟಿಕೊಂಡು ಕೂತರು. ನಾನು ಎದ್ದು ನನ್ನ ಕೋಣೆಗೆ ಬಂದೆ. ನಾಳೆ ಹೇಳುತ್ತೇನೆ.

ಜೂನ್ 18, ಮಂಗಳವಾರ

ಹೇಳಿದೆ. ಯಂತ್ರದ ಕೋಣೆಯ ಬಾಗಿಲು ಮುಂದೆ ಮಾಡಿ, ಅವರ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.

“ಕಣ್ಣಾ?” ಎಂದೆ. ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿ ಅದೊಂದೇ ಉಳಿದಿತ್ತು.

ಅವರು ಕೈಗವಸು ಬಿಚ್ಚಿದರು. “ಕಣ್ಣಿನ ಹಿಂದೆ ನರ ಸವೀತಿದೆಯಂತೆ. ಕನ್ನಡಕದಿಂದ ಆಗಲ್ಲ, ಆಪರೇಷನ್‌ನಿಂದ ಆಗಲ್ಲ. ಬಣ್ಣ ಗೊತ್ತಾಗುತ್ತೆ, ದೊಡ್ಡದು ಕಾಣುತ್ತೆ. ಬಿಳೀ ಮೇಲೆ ಸಣ್ಣದು ಇದ್ರೆ ಎಂಟು, ಮೂರು, ಸೊನ್ನೆ ಎಲ್ಲಾ ಅಕ್ಕತಂಗೀರು.”

“ದಿನಾ ಬೆಳಿಗ್ಗೆ ಅದನ್ನ ಬದಲಾಯಿಸ್ತಿದ್ದದ್ದು ನಾನು.”

“ಗೊತ್ತು. ಇನ್ಯಾರು ಕಾಲು ಗಂಟೆ ಮುಂಚೆ ಬರ್ತಾರೆ? ದಿನಾ ಬಂದು ನನ್ನ ಕಣ್ಣು ಕಿತ್ತು ಡ್ರಾಯರಿನಲ್ಲಿ ಇಟ್ಟು ಹೋಗ್ತಿದ್ರಿ. ನಾನು ಬಂದು ತೆಗೆದು ಹಾಕ್ಕೊಳ್ತಿದ್ದೆ.”

“ಗೊತ್ತಿದ್ದೂ ಯಾಕೆ ಕೇಳಲಿಲ್ಲ?”

“ಕೇಳಿದ್ರೆ, ಯಾಕೆ ಬೇಕು ಅಂತ ನೀವು ಕೇಳ್ತಿದ್ರಿ.”

ಅವರೇ ಮುಂದುವರಿಸಿದರು, ದನಿ ಇಳಿಸಿ.

“ಆ ಬುಧವಾರ ಬಂದೆ. ಥೀಮ್ಸ್ ಅಂತ ಇರುತ್ತಲ್ಲ, ಎಡಗಡೆ ಮೊದಲನೇದು. ಅದು ಕಾಣಲಿಲ್ಲ. ಮೂಗು ತಾಗೋ ಹಾಗೆ ಬಗ್ಗಿ ಹುಡುಕಿದೆ. ಹತ್ತು ನಿಮಿಷ. ಭೂತಗನ್ನಡಿ ತಂದು ಹುಡುಕಿದೆ. ಇಲ್ಲ. ಸರಿ, ನಿನ್ನೆ ಕಾಣ್ತಿದ್ದದ್ದು ಇವತ್ತು ಕಾಣ್ತಿಲ್ಲ, ಮುಗೀತು ನನ್ನ ಕಥೆ ಅಂದ್ಕೊಂಡೆ. ಕಂಡ ಹಾಗೇ ಅಂಕಿ ಬರೆದೆ. ಯಾರನ್ನಾದ್ರೂ ಕರೆದು ಅಂಕಿ ಓದಿಸ್ಬೇಕಿತ್ತು. ಕರೀಲಿಲ್ಲ. ಅದು ನನ್ನ ತಪ್ಪೇ.”

“ಅದು ಅಲ್ಲಿ ಇರಲೇ ಇಲ್ಲ,” ಎಂದೆ.

“ಏನು?”

“ಆ ಟ್ಯಾಬ್. ಮಂಗಳವಾರ ಸಂಜೆ ನಾನು ತೆಗೆದುಬಿಟ್ಟಿದ್ದೆ. ಅಲ್ಲಿ ಹುಡುಕೋಕೆ ಏನೂ ಇರಲಿಲ್ಲ.”

ಅವರು ಸ್ವಲ್ಪ ಪಕ್ಕಕ್ಕೆ ತಿರುಗಿಕೊಂಡು ನನ್ನ ಮುಖ ನೋಡಿದರು, ಈಗ ಅವರು ನೋಡುವುದೇ ಹಾಗೆ. “ಇರಲಿಲ್ವಾ? ನಿಜವಾಗ್ಲೂ ಇರಲಿಲ್ವಾ?”

“ಇರಲಿಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈಯಬೇಕಿತ್ತು. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಸ್ಟೂಲ್ ಅಲುಗಾಡುವ ಹಾಗೆ. “ಆರು ದಿನ ಆಯ್ತಲ್ಲ ತಾಯಿ, ನಾನು ಕುರುಡಿ ಆಗಿಬಿಟ್ಟೆ ಅಂತ ಮನೇಲಿ ಕಣ್ಣು ಮುಚ್ಚಿಕೊಂಡು ನಡೆಯೋದು ಕಲೀತಿದ್ದೆ! ಗೋಡೆಗೆ ಎರಡು ಸಲ ಹಣೆ ಬಡಿಸ್ಕೊಂಡಿದ್ದೀನಿ!” ಎಂದವರು ಎದ್ದು ಸಿಂಕಿನ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು. ನಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟಿದ್ದರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

ವರದಿಯ ಮಾತು ಬಂತು. ಟ್ಯಾಬ್ ವಿಷಯ ಬರೆದರೆ, ಅದು ಇಲ್ಲದಿದ್ದರೆ ಏನಾಯಿತು ಎಂದು ಮಂಡಳಿ ಕೇಳಿಯೇ ಕೇಳುತ್ತದೆ. ಅವರ ಕಣ್ಣಿನ ವಿಷಯ ಹೇಳಲು ನನಗೆ ಹಕ್ಕಿಲ್ಲ.

“ನಿಮ್ಮ ತಪ್ಪು ನೀವು ಬರೀರಿ,” ಎಂದರು ದೊಡ್ಡಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ನನ್ನ ಕಣ್ಣು ನಾನು ಬರೀತೀನಿ. ಒಂದು ವಾರ ಕೊಡಿ.”

ಜೂನ್ 20, ಗುರುವಾರ

ನಿರ್ದೇಶಕರ ಮುಂದೆ ಹೊಸ ಕರಡು ಇಟ್ಟೆ. ಮೊದಲ ಸಾಲಿನಲ್ಲೇ ‘ನಾನು’ ಇದೆ. ಯಂತ್ರ ಬಳಸುವವರನ್ನು ಕೇಳದೆ, ಕೈಪಿಡಿಯ ಚಿತ್ರಕ್ಕೆ ಹೊಂದಲಿ ಎಂಬ ಒಂದೇ ಕಾರಣಕ್ಕೆ, ಪರದೆಯ ನೋಟವನ್ನು ಮೂರು ವಾರಕ್ಕೂ ಹೆಚ್ಚು ಕಾಲ ಬದಲಿಸಿದೆ, ಕೊನೆಗೆ ಬದಲಿಸುವ ದಾರಿಯನ್ನೇ ಮುಚ್ಚಿದೆ, ಯಾರಿಗೂ ತಿಳಿಸಲಿಲ್ಲ. ಅದರಿಂದ ಓದುವವರಿಗೆ ಏನಾಯಿತು ಎಂಬುದು ಅವರದೇ ಪತ್ರದಲ್ಲಿ ಬರುತ್ತದೆ ಎಂದೂ ಬರೆದೆ.

ಅವರು ಎರಡು ಸಲ ಓದಿದರು. “ಇದನ್ನ ಬರೆಯೋ ಅಗತ್ಯ ಇದೆಯಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸ್ವಲ್ಪ ಮೆದು ಮಾಡಿ.”

“ಮೆದು ಮಾಡಿದ್ದು ನನ್ನ ಹತ್ತಿರ ಇದೆ ಸರ್, ಶನಿವಾರ ಬರೆದಿದ್ದೆ. ಅದರಲ್ಲಿ ಸತ್ತಿರೋದು ದೊಡ್ಡಕ್ಕ.”

ಹೀಗೆ ಹೇಳಿದ್ದು ನಾನೇ. ಬರೆಯುವಾಗ ಈಗ ಆಶ್ಚರ್ಯವಾಗುತ್ತಿದೆ, ಹೇಳುವಾಗ ಆಗಲಿಲ್ಲ.

“ನಿಮ್ಮ ಹುದ್ದೆ ಇನ್ನೂ ಖಾಯಂ ಆಗಿಲ್ಲ, ನೆನಪಿದೆಯಲ್ಲ?”

“ನೆನಪಿದೆ ಸರ್.”

“ತಪಾಸಣೆಯವರು ಮೊದಲು ನಿಮ್ಮನ್ನೇ ಹಿಡೀತಾರೆ.”

“ಹಿಡೀಲಿ. ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರ ಇದೆ. ಮುಂದೆ ಹೀಗಾಗದ ಹಾಗೆ ಏನು ಮಾಡಿದ್ದೀವಿ ಅನ್ನೋದೂ ಇದೆ, ಎರಡನೇ ಪುಟ ನೋಡಿ.”

ಅವರು ಪುಟ ತಿರುವಿದರು. ಅಂಕಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿ ಬರೆಯಬೇಕು, ಇಬ್ಬರೂ ಸಹಿ ಹಾಕಬೇಕು. ದೊಡ್ಡಕ್ಕ ಓದುವುದು, ಕೌಂಟರಿನವಳು ಬರೆಯುವುದು. ಎರಡು ದಿನದಿಂದ ಹಾಗೆಯೇ ನಡೆಸಿ ನೋಡಿದ್ದೇವೆ. ಐವತ್ತೆರಡು ಸ್ಯಾಂಪಲ್, ಒಂದೂ ತಪ್ಪಿಲ್ಲ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಸಹಿ ಮಾಡಿದರು. ಬಾಗಿಲವರೆಗೆ ಬಂದವಳನ್ನು ಕರೆದು, “ಸ್ಟೋರ್ ರೂಮಿನ ವಿಷಯ ನಾನು ಹೇಳೇ ಇಲ್ಲ ಅಂದ್ಕೊಳ್ಳಿ,” ಎಂದರು.

ಜೂನ್ 24, ಸೋಮವಾರ

ಕೈಪಿಡಿ ಮುಗಿಯಿತು. ಚಿತ್ರಗಳನ್ನೆಲ್ಲ ಮತ್ತೆ ತೆಗೆದೆ, ಮೇ ತಿಂಗಳ ಥೀಮಿನಲ್ಲಿ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ನಲವತ್ತು ಪುಟ. ಮೊದಲ ಹಂತ ಹೊಸದಾಗಿ ಸೇರಿದೆ: ಯಂತ್ರ ಶುರು ಮಾಡಿದ ಕೂಡಲೇ, ಓದುವವರು ತಮ್ಮ ಕಣ್ಣಿಗೆ ಹೊಂದುವ ನೋಟವನ್ನು ಆರಿಸಿಕೊಳ್ಳಬೇಕು. ಹೇಗೆ ಆರಿಸುವುದು ಎನ್ನುವುದಕ್ಕೆ ಮೂರು ಚಿತ್ರ. ದೊಡ್ಡಕ್ಕ ಹೇಳಿದ ಹಾಗೆ ಬರೆದುಕೊಂಡೆ. ಆ ಹಂತದಲ್ಲಿ ನನಗಿಂತ ಅನುಭವ ಅವರಿಗೇ ಹೆಚ್ಚು.

ಅವರು ತಮ್ಮ ಪತ್ರ ತಂದು ಕೊಟ್ಟರು. ಕೈಬರಹ, ಒಂದೊಂದು ಅಕ್ಷರವೂ ಕಡಲೆಕಾಳಿನಷ್ಟು, ನಾಲ್ಕು ಪುಟ. ನಾನು ಬರೆದಿದ್ದರೆ ಅರ್ಧ ಪುಟ. ತಮ್ಮ ಕಣ್ಣಿನ ವಿಷಯ, ಯಾರಿಗೂ ಹೇಳದೆ ಇಟ್ಟದ್ದು, ಇನ್ನು ಹದಿನಾಲ್ಕು ತಿಂಗಳು ಇದೇ ಮೇಜಿನಲ್ಲಿ ಕೆಲಸ ಮಾಡಬಲ್ಲೆ ಎನ್ನುವುದು, ಯಾವ ನೆರವು ಇದ್ದರೆ ಎನ್ನುವುದು. ಕೊನೆಯ ಸಾಲು: ‘ಬಣ್ಣ ನೋಡಿ ತಪ್ಪು ಹಿಡಿದದ್ದೂ ಇದೇ ಕಣ್ಣು ಎಂಬುದನ್ನು ಗಮನಿಸಬೇಕಾಗಿ ಕೋರಿಕೆ.’ ಅದನ್ನು ಮೆದು ಮಾಡಿ ಎಂದು ಯಾರೂ ಹೇಳಲಿಲ್ಲ.

ಮಧ್ಯಾಹ್ನ ನಾನು ಕೈಪಿಡಿಯ ಕೊನೆಯ ಪುಟ ತಾಳೆ ನೋಡುತ್ತಿದ್ದಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

“ಮೇಡಂ, ಕಾಗದ ಯಾಕೆ ಅಷ್ಟು ದೂರ? ನಿನಗೂ ಅದಕ್ಕೂ ಜಗಳಾನಾ?”

ನಿನಗೆ ಎಂದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ, ಹೇಳಿಬಿಟ್ಟರೆ ಹಿಂದಕ್ಕೆ ತೆಗೆದುಕೊಂಡಾರು ಎಂದು.

“ಬೆಳಕು ಸರಿಯಿಲ್ಲ ದೊಡ್ಡಕ್ಕಾ.”

“ಹೌದ್ಹೌದು, ಬೆಳಕೇ ಸರಿಯಿಲ್ಲ. ನನಗೂ ಹೋದ ವರ್ಷ ಮಾರ್ಚ್‌ನಲ್ಲಿ ಬೆಳಕೇ ಸರಿಯಿರಲಿಲ್ಲ.” ನನ್ನ ಭುಜ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದರು. “ಹೆದರ್ಬೇಡ, ನಿಂದು ನನ್ನ ಥರದ್ದಲ್ಲ, ವಯಸ್ಸಿಂದು. ಒಂದು ಕನ್ನಡಕಕ್ಕೆ ಹೋಗುತ್ತೆ. ಅಲ್ಲೀವರೆಗೆ ಇದನ್ನ ನೋಡು.” ಅಕ್ಷರವನ್ನು ಎರಡು ಮೆಟ್ಟಿಲು ಹಿಗ್ಗಿಸಿದರು, ಬಿಳಿಯನ್ನು ಸ್ವಲ್ಪ ಕಂದಿಸಿದರು, ಗುಡ್ಡವನ್ನು ಮಾತ್ರ ಹಾಗೆಯೇ ಬಿಟ್ಟರು. “ಗುಡ್ಡ ನಿನಗಿರಲಿ, ಅದರ ಮೇಲೆ ನಿನಗೆ ಪ್ರೀತಿ.” ಹೆಸರು ಕೇಳುವ ಪೆಟ್ಟಿಗೆ ಬಂದಾಗ ‘ಮೇಡಂ’ ಎಂದು ಒತ್ತಿ ಉಳಿಸಿದರು. ಮೇ ಆದ ಮೇಲೆ ಮೇಡಂ, ಅವರು ಉಳಿಸಿಟ್ಟವುಗಳಲ್ಲಿ ಏಳನೆಯದು.

ತಮಾಷೆಗೆ ಇರಲಿ ಎಂದು ಅಳಿಸಲಿಲ್ಲ. ಓದಲು ಹಿತವಾಗಿಯೇ ಇದೆ. ಆಫೀಸಿನ ಆ ಕೋಣೆಗೂ ಒಂದು ಹೊಸ ಟ್ಯೂಬ್‌ಲೈಟ್ ಹಾಕಿಸಿದರೆ ಇನ್ನೂ ಚೆನ್ನ.

ಕಣ್ಣಿನ ವೈದ್ಯರ ಪ್ರಮಾಣಪತ್ರ ನಾಳೆ ಸಂಜೆ ದೊಡ್ಡಕ್ಕನ ಕೈ ಸೇರುತ್ತದೆ. ನನ್ನ ಎರಡು ಪುಟ, ಅವರ ನಾಲ್ಕು ಪುಟ, ಅದೊಂದು ಚೀಟಿ, ಎಲ್ಲವೂ ಒಂದೇ ಲಕೋಟೆಯಲ್ಲಿ. ವಿಳಾಸವನ್ನು ದಪ್ಪ ಪೆನ್ನಿನಲ್ಲಿ, ದೊಡ್ಡದಾಗಿ ಬರೆದಿಟ್ಟಿದ್ದೇನೆ. ಅಂಚೆಗೆ ಹಾಕುವುದು ಜೂನ್ 26, ಬುಧವಾರ.